ಮೀಸೆ ಪಣಕ್ಕಿಟ್ಟ ಸೃಷ್ಟಿಕರ್ತ

ನಮ್ಮ ಚಿಕ್ಕಪ್ಪ ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದುಗಡೆ ಕೂತು ಎಷ್ಟು ಲೋಕಗಳನ್ನು ಸೃಷ್ಟಿ ಮಾಡಿದ ಅನ್ನೋದು ಆ ಬ್ರಹ್ಮನಿಗೂ ಗೊತ್ತಿಲ್ಲ. ಗೊತ್ತಾಗಿದ್ದರೆ ಪಾಪ, ನಾಚಿಕೊಂಡು ಕೆಲಸ ಬಿಟ್ಟಿರೋನು. ಯಾಕೆ ಅಂತೀರಾ? ಬ್ರಹ್ಮನ ಲೋಕಕ್ಕೆ ಪ್ರಳಯ ಆಗಬೇಕಾದರೆ ಯುಗಗಳೇ ಉರುಳಬೇಕು. ಚಿಕ್ಕಪ್ಪನ ಲೋಕ ತಿಂಡಿ ಹೊತ್ತಿಗೆ ಹುಟ್ಟಿದರೆ ಊಟದ ಹೊತ್ತಿಗೆ ಮಟಾಷ್!

ಎಂಬತ್ತರ ದಶಕದ ಮಾತು. ಚಿಕ್ಕಪ್ಪನದು ರೇಡಿಯೋ, ಟೀವಿ ರಿಪೇರಿ ಅಂಗಡಿ. ರಿಪೇರಿ ಅಂದರೆ ಬಿಚ್ಚೋದು ಅಂತ ಅರ್ಥ. ಮತ್ತೆ ಮುಚ್ಚೋದು ಗಿರಾಕಿಯ ಪುಣ್ಯ. ದುಬೈನಿಂದ ರಜಕ್ಕೆ ಬಂದಿದ್ದ ಶಿರಾದ ಗೆಳೆಯನೊಬ್ಬ ಅಲ್ಲಿಗೆ ಒಂದು ಕಂಪ್ಯೂಟರ್ ತಂದುಕೊಟ್ಟ. ನೋಡೋಕೆ ಟೈಪ್‌ರೈಟರಿನ ಮರಿ. ಟೀವಿಗೆ ಸಿಕ್ಕಿಸಿದರೆ ಆಟ ಆಡಬಹುದಿತ್ತು.

"ಆಸ್ಮಾನ್‌ನಿಂದ ಬರೋರ್‌ನೆಲ್ಲ ಗುಂಡು ಹೊಡೆದು ಸಾಯಿಸ್ತಾ ಹೋಗ್ಬೇಕು ಭಾಯ್, ಬಹುತ್ ಮಜಾ" ಅಂದ ಗೆಳೆಯ.

ಚಿಕ್ಕಪ್ಪನಿಗೆ ಮಜಾ ಬರಲಿಲ್ಲ. "ಸಾಯ್ಸೋದೇನ್ ಮಹಾ ಕೆಲ್ಸ? ಒಂದ್ ಲೋಕ ಮಾಡಿ, ಅದನ್ನ ಬದುಕ್ಸಿ ತೋರುಸ್ಲಿ ನೋಡನ" ಅಂದ. ಅಲ್ಲಿಗೆ ಶುರುವಾಯಿತು ನೋಡಿ ಗ್ರಹಚಾರ. ಮಿಷನ್ನಿನ ಜೊತೆ ಬಂದಿದ್ದ ಪುಸ್ತಕ ಓದಿಕೊಂಡು, ತಾನೇ ಅದಕ್ಕೆ ಆಜ್ಞೆ ಬರೆಯೋದು ಕಲಿತುಬಿಟ್ಟ.

ಮೊದಲನೇ ಲೋಕದಲ್ಲಿ ಹಸಿರು ಚುಕ್ಕಿ ಹುಲ್ಲು, ಬಿಳಿ ಚುಕ್ಕಿ ಕುರಿ. ಕುರಿಗಳು ಹುಲ್ಲನ್ನೆಲ್ಲ ಮೇಯ್ದು ಮುಗಿಸಿ, ಒಂದೊಂದಾಗಿ ಉಪವಾಸ ಬಿದ್ದು ಸತ್ತವು. ಒಂದೊಂದು ಸತ್ತಾಗಲೂ ಟೀವಿ 'ಕುಂಯ್' ಅನ್ನೋದು. ಎರಡನೇ ಲೋಕಕ್ಕೆ ಕೆಂಪು ಚುಕ್ಕಿಯ ತೋಳ ಬಿಟ್ಟ. ತೋಳಗಳು ಕುರಿಯನ್ನೆಲ್ಲ ತಿಂದು ತೇಗಿ, ಆಮೇಲೆ ತಾವೂ ಹಸಿದು ಸತ್ತವು. ಉಳಿದಿದ್ದು ಹುಲ್ಲು, ಮತ್ತು ಅದನ್ನು ನೋಡುತ್ತಾ ಕೂತ ಚಿಕ್ಕಪ್ಪ. ಇದೆಲ್ಲ ನಡೀತಿದ್ದುದು ಯಾರ ಟೀವಿಯಲ್ಲಿ? ರಿಪೇರಿಗೆ ಬಂದ ಗಿರಾಕಿಗಳದ್ದರಲ್ಲಿ! ಕೊಡಿಗೇನಹಳ್ಳಿಯ ಮೇಷ್ಟರೊಬ್ಬರು ತಮ್ಮ ಟೀವಿ ಕೇಳೋಕೆ ಬಂದರೆ, "ಸಾರ್, ಈಗ ಆಫ್ ಮಾಡುದ್ರೆ ನಿಮ್ಮ ಟೀವೀಲಿ ಮೂವತ್ತು ಕುರಿ ಸಾಯ್ತವೆ, ಪಾಪ ನಿಮಗೇ ಸುತ್ಕೊಳ್ತದೆ" ಅಂದು ಹೆದರಿಸಿ ವಾಪಸ್ ಕಳಿಸಿದ.

ಆಫ್ ಮಾಡಿದರೆ ಆ ಮಿಷನ್ನಿಗೆ ಎಲ್ಲ ಮರೆತುಹೋಗೋದು, ಅದಕ್ಕೆ ಲೋಕವನ್ನು ಹಾಡಿನ ಕ್ಯಾಸೆಟ್ಟಿನಲ್ಲಿ ತುಂಬಿಡಬೇಕಿತ್ತು. ಚಿಕ್ಕಪ್ಪ ಕೈಗೆ ಸಿಕ್ಕಿದ ಕ್ಯಾಸೆಟ್ಟಿನಲ್ಲಿ ತುಂಬಿಟ್ಟ. ಶುಕ್ರವಾರ ಚಿಕ್ಕಮ್ಮ ಪೂಜೆಗೆ ಕೂತು ದೇವರನಾಮ ಹಾಕಿದರೆ ಟೇಪ್ ರೆಕಾರ್ಡರ್ 'ಕೀ... ಕಿರ್ರ್... ಕೀ' ಅಂತ ಅರಚಿಕೊಂಡಿತು. ಚಿಕ್ಕಮ್ಮನ ಕೈಲಿದ್ದ ಮಂಗಳಾರತಿ ತಟ್ಟೆ ನೆಲ ಕಂಡಿತು. "ಹೆದರ್ಬ್ಯಾಡ ಕಣೆ, ಅದು ಸೃಷ್ಟಿಯ ನಾದ" ಅಂದ ಚಿಕ್ಕಪ್ಪ. ಅವತ್ತು ರಾತ್ರಿ ಸೃಷ್ಟಿಕರ್ತನಿಗೆ ಊಟ ಬಡಿಸಿದವರು ಯಾರೂ ಇಲ್ಲ.

ಇನ್ನೊಂದು ಅವಾಂತರ ಕೇಳಿ. ಎಲ್ಲಿ ಮಳೆ ಬೀಳಬೇಕು, ಎಷ್ಟು ಬೀಳಬೇಕು ಅನ್ನೋದನ್ನು ಮಿಷನ್ನೇ ಮನಸ್ಸಿಗೆ ಬಂದಂತೆ ಆರಿಸಿಕೊಳ್ಳಲಿ ಅಂತ ಬಿಟ್ಟಿದ್ದ. ಆದರೆ ಆ ಮಿಷನ್ನಿನ ಮನಸ್ಸಿಗೆ ದಿನಾ ಒಂದೇ ಬರೋದು! ಆನ್ ಮಾಡಿದರೆ ಅದೇ ಮಳೆ, ಅದೇ ಮೂಲೇಲಿ ಅದೇ ಕುರಿ ಸಾವು. ಪಕ್ಕದ ಹೋಟ್ಲು ರುದ್ರಣ್ಣನಿಗೆ ಅದು ಬಾಯಿಪಾಠ ಆಗಿಹೋಗಿತ್ತು. "ಈಗ ಬಲಗಡೆದು ಹೋಯ್ತದೆ ನೋಡ್ಲಾ" ಅನ್ನೋನು. ಬಲಗಡೆದು 'ಕುಂಯ್' ಅನ್ನೋದು. ಹೋಟೆಲಿಗೆ ಹೋಟೆಲೇ ನಗೋದು.

ಅವಮಾನ ತಡೀಲಾರದೆ ಚಿಕ್ಕಪ್ಪ ಮೀಸೆ ಮುಟ್ಟಿಕೊಂಡ. ಅಂಥಿಂಥ ಮೀಸೆಯಲ್ಲ, ಅವನಿಗಿಂತ ಮೊದಲು ಅದೇ ಅಂಗಡಿಯೊಳಕ್ಕೆ ಹೋಗೋದು. "ಬರೋ ಭಾನುವಾರ ಇಡ್ಲಿ ಹೊತ್ತಿಂದ ದೀಪ ಹಚ್ಚೋ ಹೊತ್ತಿನವರ್ಗೂ ನನ್ನ ಲೋಕ ಬದುಕ್ದೆ ಹೋದ್ರೆ ಈ ಮೀಸೆ ಬೋಳುಸ್ತೀನಿ ಕಣ್ಲಾ ರುದ್ರ!"

ಮಳೆಗೆ ಏನು ಮಾಡಿದ ಗೊತ್ತಾ? ನಮ್ಮಜ್ಜಿಯ ಚೌಕಾಬಾರದ ಕವಡೆ ತಂದ. ಕವಡೆ ಹಾಕೋದು, ಬಿದ್ದ ಲೆಕ್ಕವನ್ನು ಮಿಷನ್ನಿಗೆ ಒತ್ತೋದು, ಅಷ್ಟು ಮಳೆ. ಸುಮ್ಮನೆ ಕೂತರೆ ಮಳೆಯಿಲ್ಲ. "ಲೋಕ ಯಾರ್ಗೂ ಕಾಯಲ್ಲ" ಅಂತ ಜಂಭ ಬೇರೆ. ಚಿಕ್ಕಪ್ಪನ ಕೈಯನ್ನು ಊರಲ್ಲಿ ಯಾರು ನಂಬ್ತಾರೆ? ಅದಕ್ಕೇ ರುದ್ರಣ್ಣ, "ಕವಡೆ ಅಜ್ಜಿಯೇ ಹಾಕ್ಬೇಕು, ಬ್ಯಾರೆ ಯಾರ್ ಮುಟ್ಟಿದ್ರೂ ನೀನ್ ಸೋತಂಗೆ" ಅಂತ ಕರಾರು ಹಾಕಿದ. ಪಾವಗಡದ ಕಡೆಯ ತೆಲುಗು ಸೀಮೆಯಿಂದ ಬಂದ ನಮ್ಮಜ್ಜಿ ಹೆತ್ತ ಮಗನಿಗಾಗಿಯೂ ಆಟದಲ್ಲಿ ಮೋಸ ಮಾಡುವವಳಲ್ಲ. ಆಗ ಅವಳಿಗೆ ಉಬ್ಬಸ ಬೇರೆ. ಮಲಗಿದರೆ ಉಸಿರು ಕಟ್ಟೋದು, ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತೇ ಇರೋಳು. "ಎಂಗಿದ್ರೂ ನಿದ್ದೆ ಇಲ್ವಲ್ಲ, ಆಡ್ತೀನಿ ತಗಾ" ಅಂದಳು.

ಶನಿವಾರ ಒಂದು ಪರೀಕ್ಷೆ ನಡೆಸಿದರು. ಅಜ್ಜಿಗೆ ಬಾರದ ಮೇಲೆ ಬಾರ, ಅಂದರೆ ಎಂಟರ ಮೇಲೆ ಎಂಟು ಬಿತ್ತು. ಮಳೆಯೋ ಮಳೆ, ಹುಲ್ಲೋ ಹುಲ್ಲು! ಕುರಿಗಳು ಪರದೆ ತುಂಬಿ, ಮಿಷನ್ನಿಗೆ ಲೆಕ್ಕ ಇಡೋಕಾಗದೆ ನಿಂತೇಹೋಯಿತು. ಸುಭಿಕ್ಷ ಹೆಚ್ಚಾಗಿ ಸತ್ತ ಲೋಕ ಅಂದರೆ ಅದೊಂದೇ ಇರಬೇಕು.

ಭಾನುವಾರ ಬಂತು. ಆಶ್ಚರ್ಯ ನೋಡಿ, ಕರೆಂಟು ಹೋಗಲಿಲ್ಲ. ಹುಲ್ಲು ಚಿಗುರಿತು, ಕುರಿ ಈದವು, ತೋಳ ಅಷ್ಟಿಷ್ಟು ತಿಂದುಕೊಂಡು ಮರ್ಯಾದೆಯಾಗಿತ್ತು. ಅಜ್ಜಿ ಕವಡೆ ಹಾಕುತ್ತಲೇ ಇದ್ದಳು. ಮಧ್ಯಾಹ್ನ ದಾಟಿತು. ಅಂಗಡಿ ಮುಂದೆ ಜನವೋ ಜನ. ಬಿಸಿಲು ಇಳಿಯೋ ಹೊತ್ತಿಗೆ ರುದ್ರಣ್ಣನ ಮುಖವೂ ಇಳಿಯಿತು. ಚಿಕ್ಕಪ್ಪನ ಮೀಸೆ ಒಂದಂಗುಲ ಮೇಲಕ್ಕೇ ಹೋಗಿತ್ತು.

ಅಷ್ಟರಲ್ಲಿ ಅಜ್ಜಿಯ ಕೈ ನಿಂತಿತು. ಟೀವಿಯ ಖಾಲಿ ರಟ್ಟಿನ ಡಬ್ಬಕ್ಕೆ ಒರಗಿ, ಕವಡೆ ಹಿಡಿದುಕೊಂಡೇ ನಿದ್ದೆ ಹೋಗಿಬಿಟ್ಟಿದ್ದಳು.

ಮಳೆ ನಿಂತಿತು. ಹುಲ್ಲು ಬೋಳಾಗತೊಡಗಿತು. 'ಕುಂಯ್' ಅಂತು ಒಂದು. ಜನ ಎಲ್ಲ "ಎಬ್ರುಸ್ರೋ, ಎಬ್ರುಸ್ರೋ" ಅಂದರು. ದೀಪ ಹಚ್ಚೋಕೆ ಇನ್ನೇನು ಸ್ವಲ್ಪ ಹೊತ್ತು. ಚಿಕ್ಕಮ್ಮ ಅತ್ತೆಯ ಭುಜಕ್ಕೆ ಕೈ ಹಾಕೋಕೆ ಹೋದಳು. ಚಿಕ್ಕಪ್ಪ ಆ ಕೈ ಹಿಡಿದುಕೊಂಡ.

"ಬ್ಯಾಡ ಕಣೆ. ಅವ್ವ ಕಣ್ಮುಚ್ಚಿ ಎಷ್ಟ್ ದಿನ ಆಗಿತ್ತೋ. ಮಲೀಕಳ್ಳಿ ಬುಡು."

"ಮೀಸೆ ಹೋಯ್ತದಲ್ಲೋ ಮಾರಾಯ" ಅಂದ ರುದ್ರಣ್ಣ. ಅವನ ದನಿಯೂ ಸಣ್ಣಗಾಗಿತ್ತು.

ಚಿಕ್ಕಪ್ಪ ಟೀವಿಯ ಸದ್ದನ್ನು ಪೂರ್ತಿ ಇಳಿಸಿದ. ಆಮೇಲೆ ಕುರಿಗಳು ಸದ್ದಿಲ್ಲದೆ ಸತ್ತವು. ತೋಳಗಳೂ ಸತ್ತವು. ಜನ ಚಪ್ಪಲಿ ಸದ್ದಾಗದ ಹಾಗೆ ಒಬ್ಬೊಬ್ಬರೇ ಎದ್ದುಹೋದರು.

ಮಾರನೇ ದಿನ ಚಿಕ್ಕಪ್ಪನನ್ನು ಗೋಳು ಹೊಯ್ದುಕೊಳ್ಳೋಣ ಅಂತಲೇ ನಾನು ಬೆಳಗ್ಗೆ ಅವನ ಮನೆಗೆ ಹೋದೆ. ಆಗಷ್ಟೇ ಕ್ಷೌರದಂಗಡಿಯಿಂದ ಬಂದು ನಿಂತಿದ್ದ. ಮೂಗಿನ ಕೆಳಗೆ ಬಟಾಬಯಲು. ಅಜ್ಜಿ ನೋಡಿದವಳೇ ಗಾಬರಿಬಿದ್ದಳು. ನಮ್ಮಲ್ಲಿ ಗಂಡಸು ಮೀಸೆ ತೆಗೆಸೋದು ಹೆತ್ತವರು ತೀರಿಕೊಂಡಾಗ ತಾನೇ?

"ಏಮಿ ರಾ ಇದಿ, ಏನ್ಲಾ ಇದು? ನಿಮ್ಮಪ್ಪ ಹೋಗಿ ಎಷ್ಟೋ ವರ್ಷ ಆಯ್ತು. ನಾನಿನ್ನೂ ಬದುಕಿದ್ದೀನಲ್ಲೋ!"

ನಾನು ನಗೋಕೆ ಬಾಯಿ ತೆರೆದೆ. ಚಿಕ್ಕಪ್ಪ ಹೋಗಿ ಅಜ್ಜಿಯ ಪಕ್ಕ ನೆಲದ ಮೇಲೆ ಕೂತುಕೊಂಡ. "ಇದ್ದೀಯಲ್ಲವ್ವ, ಅಷ್ಟ್ ಸಾಕು" ಅಂದ. ಆಮೇಲೆ ಕೇಳಿದ, "ನಿನ್ನೆ ನಿದ್ದೆ ಚೆಂದಾಗ್ ಬಂತಾ?"

ನಾನೂ ಹೋಗಿ ಅವರ ಪಕ್ಕ ನೆಲದ ಮೇಲೆ ಕೂತೆ. ಗೋಳು ಹೊಯ್ದುಕೊಳ್ಳೋಕೆ ಹೊಸೆದುಕೊಂಡು ಹೋಗಿದ್ದ ಮಾತನ್ನೆಲ್ಲ ಜೇಬಿನಲ್ಲೇ ಇಟ್ಟುಕೊಂಡೆ.

"ಬಂತು ಮಗ" ಅಂದಳು ಅಜ್ಜಿ, ಅವನ ಬೋಳು ತುಟಿ ಸವರುತ್ತಾ. "ಬೋ ಚೆಂದಾಗ್ ಬಂತು."