ಮೂವತ್ತನಾಲ್ಕು ಪರ್ಸೆಂಟು ಕೊಬ್ಬು

ಸುನಂದಾ: ಕಾಲುಂಗುರ ಅಂತೂ ತಗಿಯಂಗಿಲ್ಲ. ಬೇಕಾದ್ರ ಕಾಲ ತಗದು ಇಡತೇನಿ.

ಚಂದ್ರಾಮ: ಕಾಲ ತಗದ್ರ ಮಷಿನ್ ಮ್ಯಾಲ ಏನ ಇಟಗೊಂಡು ನಿಂದರತಿ?

ಸುನಂದಾ: ನಿಂದರಾವರು ನೀವು, ನಾ ಅಲ್ಲ. ಕೊಬ್ಬು ನಿಮ್ದು, ತುಪ್ಪ ನಿಮ್ದು, ಕರಾರು ನಿಮ್ದು. ನಡುವ ನನ್ನ ಕಾಲಿಗೆ ಯಾಕ ಬರ್ತೀರಿ?

ಚಂದ್ರಾಮ: ಒಂದ ಮನಿ, ಒಂದ ಒಲಿ. ನಾ ಒಬ್ಬನ ಯಾಕ ಅಳೆಸಿಕೊಳ್ಳಬೇಕು? ಇವತ್ತ ನೀನೂ ಹತ್ತು. ನಿನ್ನ ಲೆಕ್ಕಾನೂ ಹೊರಗ ಬರಲಿ.

ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ದವಾಖಾನೆ. ಗಂಡ ಹೆಂಡತಿ ಬೆಂಚಿನ ಎರಡು ತುದಿಗೆ ಕೂತಿದ್ದಾರೆ. ಎದುರಿಗೆ ನೆಲದ ಮೇಲೆ ಊರಿಗೆ ಹೊಸದಾಗಿ ಬಂದ ಮಷಿನ್ನು. ನೋಡಲು ತೂಕದ ಮಷಿನ್ನೇ, ಆದರೆ ಅಂಗಾಲು ಇಡುವಲ್ಲಿ ಸ್ಟೀಲಿನ ಪಟ್ಟಿ, ಕೈಗೆ ಎರಡು ಹಿಡಿಕೆ. ಬರಿಗಾಲಲ್ಲಿ ನಿಂತು ಹಿಡಿಕೆ ಹಿಡಿದರೆ ಗೊತ್ತೇ ಆಗದಷ್ಟು ಸಣ್ಣ ಕರೆಂಟು ಮೈಯೊಳಗೆ ಹಾಯುತ್ತದೆ. ನೀರು ತುಂಬಿದ ಮಾಂಸದಲ್ಲಿ ಅದಕ್ಕೆ ದಾರಿ ಸಲೀಸು, ಕೊಬ್ಬಿನಲ್ಲಿ ಅಡ್ಡಿ. ಆ ಅಡ್ಡಿಯನ್ನೂ ಮೈತೂಕವನ್ನೂ ಕೂಡಿಸಿ ಕಳೆದು, ನೂರಕ್ಕೆ ಎಷ್ಟು ಪಾಲು ಕೊಬ್ಬು ಎಂದು ಮಷಿನ್ನು ಮುಲಾಜಿಲ್ಲದೆ ಹೇಳಿಬಿಡುತ್ತದೆ.

ಚಂದ್ರಾಮ ಮೋರಟಗಿ ರಸ್ತೆಯಲ್ಲಿ ಬೋರಿನ ಮೋಟರುಗಳ ವೈಂಡಿಂಗ್ ಮಾಡುವವನು. ಹೋದ ತಿಂಗಳು ಮಷಿನ್ನು ಅವನಿಗೆ ಮೂವತ್ತನಾಲ್ಕು ಅಂದಿತು. ಅವತ್ತಿನಿಂದ, ದವಾಖಾನೆಯವರು ಹೇಳಿದಂತೆ, ಸುನಂದಾ ಅವನ ತಾಟಿನಿಂದ ತುಪ್ಪವನ್ನೂ ಶೇಂಗಾ ಹೋಳಿಗೆಯನ್ನೂ ಎತ್ತಿಬಿಟ್ಟಳು. ಕರಾರು ಇಷ್ಟೇ: ಇವತ್ತು ಒಂದು ಪರ್ಸೆಂಟಾದರೂ ಇಳಿದರೆ ತುಪ್ಪ ತಾಟಿಗೆ ವಾಪಸ್. ಇಳಿಯದಿದ್ದರೆ ದೀಪಾವಳಿಯವರೆಗೆ ಒಣ ರೊಟ್ಟಿ, ಎಣ್ಣೆಯಿಲ್ಲದ ಪಲ್ಯ. ತುಪ್ಪಕ್ಕಾಗಿ ಗಂಡಸರು ಯಾವ ಮಟ್ಟಕ್ಕೆ ಇಳಿಯುತ್ತಾರೆ ಎಂಬುದನ್ನು ನಾನು ನಮ್ಮ ಜಿಲ್ಲೆಯಲ್ಲಿ ಸಾಕಷ್ಟು ನೋಡಿದ್ದೇನೆ. ಆದರೂ ಚಂದ್ರಾಮ ನನ್ನನ್ನು ಬೆರಗುಗೊಳಿಸಿದ.

ಒಳಗಿನಿಂದ ಅಲ್ಮಾಸ ಬಂದಳು. ತಾಂಬಾದ ಮಶಾಕಸಾಬನ ಮಗಳು, ಧಾರವಾಡದಲ್ಲಿ ಆಹಾರಶಾಸ್ತ್ರ ಓದಿ ಈ ದವಾಖಾನೆ ಸೇರಿದವಳು. ಮಶಾಕಸಾಬನ ಮೋಟರು ಚಂದ್ರಾಮನ ಕೈಯಲ್ಲಿ ಎಷ್ಟೋ ಸಲ ಸತ್ತು ಹುಟ್ಟಿದೆ. ಹಾಗಾಗಿ ಅವಳಿಗೆ ಇವರು ಕಾಕಾ, ಕಾಕು.

ಅಲ್ಮಾಸ: ಏನ್ರಿ ಕಾಕು, ನಿಮ್ಮ ದನಿ ಒಳಗಿನ ತನಕಾ ಕೇಳಾಕತ್ತಿತ್ತು.

ಸುನಂದಾ: ನೀನ ಹೇಳವಾ. ಗಂಡ ಕಣ್ಣ ಮುಂದ ಕುಂತಾರ, ಉಸಿರಾಡಾಕತ್ತಾರ. ಕಾಲುಂಗುರ ಹ್ಯಾಂಗ ತಗೀಲಿ?

ಅಲ್ಮಾಸ: ಮೈಮ್ಯಾಲಿನ ಲೋಹ ತಗದ್ರ ಚಲೋ ಅಂತ ಕಂಪನಿಯವರು ಹೇಳ್ಯಾರ್ರಿ.

ಚಂದ್ರಾಮ: ಎರಡು ಮಿನಿಟಿನ ಕೆಲಸ. ಅಷ್ಟರಾಗ ನಾ ಏನ್ ಸಾಯಂಗಿಲ್ಲ, ತಗಿ.

ಸುನಂದಾ: ನಿಮ್ಮ ಮಾತಿಗೆ ಗ್ಯಾರಂಟಿ ಎಲ್ಲೈತಿ? ನೀವು ಕಟ್ಟಿದ ಮೋಟರಿನ ಗತೆ.

ಚಂದ್ರಾಮ: ಏ, ನನ್ನ ಮೋಟರಿಗೆ ಆರು ತಿಂಗಳ ಗ್ಯಾರಂಟಿ ಐತಿ!

ಸುನಂದಾ: ಅದನ್ನ ಈಕಿ ಅಪ್ಪಗ ಹೇಳ್ರಿ.

ಅಲ್ಮಾಸ: ಅಬ್ಬಾನ್ನ ಇದರಾಗ ತರಬ್ಯಾಡ್ರಿ. ಮೋಟರಿನ ಸುದ್ದಿ ತಗದ್ರ ಅವ್ರು ಹೊತ್ತ ಮುಳುಗೂ ತನಕಾ ಬೈತಾರ.

ಚಂದ್ರಾಮ: ಆತು ಆತು, ಲಗೂನ ಸುರು ಮಾಡವಾ ತಂಗಿ.

ಅವನ ಬಲಗಾಲು ಆಗಿನಿಂದ ಒಂದೇ ಸಮ ಕುಣಿಯುತ್ತಿತ್ತು. ಈಗ ಎಡಗಾಲೂ ಜೊತೆಗೂಡಿತು.

ಸುನಂದಾ: ಯಾಕ ಹಂಗ ಕಾಲ ಅಲಗಾಡಸಾಕತ್ತೀರಿ?

ಚಂದ್ರಾಮ: ವ್ಯಾಯಾಮ.

ಸುನಂದಾ: ವ್ಯಾಯಾಮ ಮಾಡಾವರು ಮಾರಿ ಹಂಗ ಹಿಂಡಿಕೊಂಡು ಕುಂದರತಾರೇನ್ರಿ? ಮತ್ತ ಅಲ್ಮಾಸ, ನನ್ನ ಕಾಲಿನ ಬೆಳ್ಳಿ ನಿನಗ ಕಾಣತೈತಿ. ಇವರ ಟೊಂಕದಾಗ ಹಗ್ಗದಂಥಾ ಬೆಳ್ಳಿ ಉಡದಾರ ಐತಿ, ಅದನ್ನ ಕೇಳು.

ಅಲ್ಮಾಸ: ಉಡದಾರ? ಹೋದ ತಿಂಗಳೂ ಇತ್ತೇನ್ರಿ ಕಾಕಾ?

ಚಂದ್ರಾಮ: ತೊಟ್ಟಲದಾಗಿಂದ ಐತಿ.

ಅಲ್ಮಾಸ: ನನಗ್ಯಾಕ ಹೇಳಲಿಲ್ರಿ?

ಚಂದ್ರಾಮ: ತಡಿ ತಡಿ. ಹಂಗಾದ್ರ ಹೋದ ತಿಂಗಳದ್ದು ತಪ್ಪ ಲೆಕ್ಕ! ಮೂವತ್ತನಾಲ್ಕು ನಂದಲ್ಲ, ಉಡದಾರದ್ದು! ಯಪ್ಪಾ, ತಿಂಗಳ ಪೂರಾ ಸುಮ್ಮಸುಮ್ಮನ ಒಣ ರೊಟ್ಟಿ ಕಡದ್ನಲ್ಲೋ!

ಅಲ್ಮಾಸ: ಬೆಳ್ಳಿಯಿಂದ ಅಂಥಾ ಫರಕ ಬೀಳಂಗಿಲ್ರಿ. ಅದು ನಿಮ್ಮದ ಕೊಬ್ಬು.

ಸುನಂದಾ: ಹಂಗಂದ್ರ ಬಿಚ್ಚಸು. ನಾ ಕಾಲುಂಗುರ ತಗೀಬಹುದಂತ, ಅವರು ಉಡದಾರ ಬಿಚ್ಚಬಾರದೇನು?

ಚಂದ್ರಾಮ: ಗಂಡಸು ಉಡದಾರ ಬಿಚ್ಚೂದು ಒಮ್ಮೆ. ಅದೂ ಅವ ಬಿಚ್ಚಂಗಿಲ್ಲ, ನಾಕ ಮಂದಿ ಎತ್ತೂ ಮುಂದ ಮತ್ಯಾರರ ಹರೀತಾರ.

ಸುನಂದಾ: ಥೂ, ಬಿಡ್ತು ಅನ್ರಿ! ಅಲ್ಮಾಸ, ಬ್ಯಾಡವಾ, ಬಿಚ್ಚಸಬ್ಯಾಡ.

ಅಲ್ಮಾಸ ಹಣೆ ಒತ್ತಿಕೊಂಡಳು. ಧಾರವಾಡದಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ.

ಅಲ್ಮಾಸ: ಒಂದ ಕೆಲಸ ಮಾಡೂಣು. ಹೋದ ಸಲ ಇದ್ದ ಉಡದಾರ ಈ ಸಲಾನೂ ಇರಲಿ. ಎರಡೂ ಸಲ ಒಂದ ನಮೂನಿ ಇದ್ರ ಹೋಲಿಸಿ ನೋಡಾಕ ತೊಂದ್ರಿ ಇಲ್ಲ. ಕಾಕು, ನಿಮ್ಮ ಕಾಲುಂಗುರಾನೂ ಇರಲ್ರಿ. ಹಂಗ ಹತ್ರಿ.

ವಾದದಲ್ಲಿ ಗೆದ್ದವರ ಮುಖ ಅರಳಬೇಕು. ಸುನಂದಾಳದು ಮಾತ್ರ ಬಾಡಿತು.

ಸುನಂದಾ: ಅದು... ನನಗ ಕರೆಂಟ ಅಂದ್ರ ಅಂಜಿಕಿ.

ಚಂದ್ರಾಮ: ಕೇಳಿದೇನವಾ! ಜನ್ಮೆಲ್ಲಾ ವೈಂಡಿಂಗ್‌ನವನ ಮನಿಯೊಳಗ ಬಾಳೇ ಮಾಡ್ಯಾಳ, ಈಗ ಕರೆಂಟಿಗೆ ಅಂಜಿಕಿ!

ಸುನಂದಾ: ಬಾಳೇ ಮಾಡೀನಿ ಅಂತನ ಅಂಜಿಕಿ.

ಅಲ್ಮಾಸ: ಇರಲ್ರಿ, ಮೊದಲ ಕಾಕಾ ಬರಲಿ.

ಚಂದ್ರಾಮ ಚಪ್ಪಲಿ ಬಿಟ್ಟು ಮೊಣಕಾಲು ಕೂಡಿಸಿಕೊಂಡೇ ಮಷಿನ್ನಿನತ್ತ ಜರುಗಿದ. ನೆಲದ ಮೇಲೆ ಒದ್ದೆ ಹೆಜ್ಜೆ ಮೂಡಿತು.

ಅಲ್ಮಾಸ: ಕಾಲು ಯಾಕ ಒದ್ದಿ ಅದಾವ್ರಿ?

ಚಂದ್ರಾಮ: ತೊಳಕೊಂಡ ಬಂದೀನಿ. ನಿನ್ನ ಮಷಿನ್ ಹೊಲಸ ಆಗಬಾರದು ಅಂತ.

ಅಲ್ಮಾಸ ಅಂಗಾಲು ಒರೆಸಿಸಿದಳು. ಅವನು ಹಿಡಿಕೆ ಹಿಡಿದು, ಕಣ್ಣು ಮುಚ್ಚಿ, ಹಲ್ಲು ಕಚ್ಚಿ ನಿಂತ. ಮಷಿನ್ನು ಕೀಂಯ್ ಎಂದಿತು.

ಅಲ್ಮಾಸ: ಮೂವತ್ತೈದು.

ಚಂದ್ರಾಮ: ಸಾಧ್ಯನ ಇಲ್ಲ! ನಿನ್ನ ಮಷಿನ್ನಿನ ಅರ್ಥಿಂಗ್ ಬರೋಬ್ಬರಿ ಇಲ್ಲ. ನಾ ಎಲ್ಲಾ ತಯಾರಿ ಮಾಡಿಕೊಂಡ ಬಂದೀನಿ!

ಅಲ್ಮಾಸ: ಎಂಥಾ ತಯಾರಿ?

ಚಂದ್ರಾಮ: ಏನಿಲ್ಲ. ಹಂಗ... ಮನಸಿನ ತಯಾರಿ.

ಸುನಂದಾ ಕುಣಿಯುತ್ತಾಳೆ, ಹಂಗಿಸುತ್ತಾಳೆ ಎಂದುಕೊಂಡಿದ್ದ ಅವನು ಬೆಂಚಿನತ್ತ ತಿರುಗಿ ಗಾಬರಿಯಾದ. ಅವಳ ಕಣ್ಣಲ್ಲಿ ನೀರು ಬಂದಿತ್ತು.

ಚಂದ್ರಾಮ: ಏ, ಏನಾತು?

ಸುನಂದಾ: ಒಣ ರೊಟ್ಟಿ ನಿಮ್ಮ ತಾಟಿಗೆ ಹಾಕುವಾಗ ನನಗ ಹಿತಾ ಅನಸತಿತ್ತು ಅಂತ ಮಾಡೀರೇನು? ಮನಸ ಕಲ್ಲ ಮಾಡಕೊಂಡ ಹಾಕೀನಿ. ಈ ಕಾಲುಂಗುರ ನಾ ಇರೂ ತನಕಾ ನನ್ನ ಕಾಲಾಗ ಇರಲಿ ಅಂತ ಹಾಕೀನಿ. ನೀವು ನೋಡಿದ್ರ ಅದ ಕಾಲುಂಗುರ ಬಿಚ್ಚಿ ಇಡು ಅಂತೀರಿ. ಇಷ್ಟ ಮಾಡಿದ ಮ್ಯಾಲೂ ಏರೇತಿ ಅಂದ್ರ ನಾ ಇನ್ನೇನ ಮಾಡ್ಲಿ?

ಚಂದ್ರಾಮನ ಎದೆ ಕರಗಿತು. ಹೆಂಡತಿಯ ಬಾಯಿಗೆ ಉತ್ತರ ಕೊಡಬಲ್ಲ ಮನುಷ್ಯ ಅವನು, ಕಣ್ಣೀರಿಗೆ ಅಲ್ಲ.

ಚಂದ್ರಾಮ: ಅಳಬ್ಯಾಡ ಸುನಂದಾ. ಅದು ಕೊಬ್ಬಲ್ಲ.

ಸುನಂದಾ: ಮತ್ತ?

ಚಂದ್ರಾಮ: ನೀರು. ಉಪ್ಪ ಹಾಕಿದ ನೀರು. ಇಲ್ಲಿಗೆ ಬರೂ ಮುಂದ ತಂಬಿಗಿಗಟ್ಟಲೆ ಕುಡದೀನಿ.

ಅಲ್ಮಾಸ: ಯಾ ಅಲ್ಲಾ! ಯಾಕ್ರಿ ಕಾಕಾ?

ಚಂದ್ರಾಮ: ಹೊಲದಾಗ ಮೋಟರಿನ ಅರ್ಥಿಂಗ್ ತಂತಿ ಹುಗದ ಕುಣಿ ಒಣಗಿತಂದ್ರ ನಾವು ಏನ್ ಮಾಡತೇವಿ? ಉಪ್ಪ ಹಾಕಿ ನೀರ ಬಿಡತೇವಿ. ಆಮ್ಯಾಲ ಕರೆಂಟು ಸರಳ ಇಳೀತೈತಿ. ಹೋದ ತಿಂಗಳು ನೀನ ಹೇಳಿದ್ದಿ, ಕರೆಂಟು ಸರಳ ಹಾದ್ರ ಕೊಬ್ಬು ಕಡಿಮಿ ತೋರಸತೈತಿ ಅಂತ. ಅದಕ್ಕ ಅಂಗಾಲಿಗೆ ಸವರೀನಿ, ಹೊಟ್ಟಿಗೂ ಹಾಕೀನಿ.

ಸುನಂದಾ: ಯವ್ವಾ! ಇಷ್ಟ ದಿನಾ ನಾ ಮನಷ್ಯಾನ ಜೋಡಿ ಬಾಳೇ ಮಾಡಾಕತ್ತೀನಿ ಅಂತ ತಿಳಕೊಂಡಿದ್ನಿ. ಇದು ಅರ್ಥಿಂಗ್ ಕುಣಿ ಆಗಿತ್ತೇನು!

ಅಲ್ಮಾಸ: ಕಾಕಾ, ಈಗ ಕುಡದ ನೀರು ಹೊಟ್ಯಾಗ ನಿಂತಿರತೈತಿ, ಕೈಕಾಲಿನ ಮಾಂಸಕ್ಕ ಹೋಗಿರಂಗಿಲ್ಲ. ಕರೆಂಟಿಗೆ ಅದರ ಪತ್ತೇನ ಇರಂಗಿಲ್ಲ. ತೂಕ ಮಾತ್ರ ಏರತೈತಿ. ಏರಿದ ತೂಕಾ ಎಲ್ಲಿಂದ ಬಂತು ಅಂತ ಗೊತ್ತಾಗದ ಮಷಿನ್ನು ಅದನ್ನ ಕೊಬ್ಬಿನ ಲೆಕ್ಕಕ್ಕ ಬರಕೋತೈತಿ.

ಚಂದ್ರಾಮ: ಅಂದ್ರ ನನ್ನ ಕೊಬ್ಬು ನಾನ ಏರಿಸಿಕೊಂಡ್ನಿ?

ಅಲ್ಮಾಸ: ತಂಬಿಗಿಲೆ ಏರಿಸಿಕೊಂಡ್ರಿ. ಇನ್ನೊಮ್ಮೆ ಹಿಂಗ ಉಪ್ಪನೀರು ಕುಡೀಬ್ಯಾಡ್ರಿ, ಬಿಪಿ ಇದ್ದವರಿಗೆ ಜೀವಕ್ಕ ಬರತೈತಿ. ಈಗ ಮೊದಲ ಹೊರಗ ಹೋಗಿ...

ಮಾತು ಮುಗಿಯುವುದರೊಳಗೆ ಚಂದ್ರಾಮ ಹಿತ್ತಲ ಬಾಗಿಲು ದಾಟಿದ್ದ. ಬರುವಾಗ ಅವನ ಮುಖದಲ್ಲಿ ಸ್ವರ್ಗ ಕಂಡವರ ಶಾಂತಿಯಿತ್ತು. ಕೂತ, ಮತ್ತೆ ಎದ್ದ, ಮತ್ತೆ ಓಡಿದ. ತಾಸು ಹೊತ್ತು ಹೀಗೇ ನಡೆಯಿತು. ಈ ನಡುವೆ ಅಲ್ಮಾಸ ಕರೆದಾಗಲೆಲ್ಲ ಸುನಂದಾಗೆ ಒಂದೊಂದು ನೆಪ ಹೊಳೆಯಿತು. ತಲೆ ತಿರುಗುತ್ತದೆ ಎಂದಳು, ಸೀರೆ ಒದ್ದೆ ಎಂದಳು, ಇವತ್ತು ಅಮಾವಾಸ್ಯೆ ಎಂದಳು. ಅಮಾವಾಸ್ಯೆಗೆ ಇನ್ನೂ ವಾರವಿತ್ತು.

ಕೊನೆಗೆ ಚಂದ್ರಾಮ ಮತ್ತೆ ಮಷಿನ್ ಹತ್ತಿದ. ಈ ಸಲ ಕಣ್ಣು ಮುಚ್ಚಿದವಳು ಸುನಂದಾ.

ಅಲ್ಮಾಸ: ಮೂವತ್ಮೂರು! ಶಾಬಾಸ್ ಕಾಕಾ, ಖರೇನ ಇಳದೈತಿ!

ಸುನಂದಾ: ಇಳದೈತಾ? ನನ್ನ ಮ್ಯಾಲ ಆಣಿ ಮಾಡು!

ಚಂದ್ರಾಮ: ಆಣಿ ಯಾಕ, ಅಂಕಿ ಅಲ್ಲೇ ಬೆಳಗಾಕತ್ತೈತಿ ನೋಡು. ನಡಿ ಮನಿಗೆ! ಬಿಸಿ ರೊಟ್ಟಿ, ಮ್ಯಾಲ ತುಪ್ಪ. ಕರಾರು ಅಂದ್ರ ಕರಾರು.

ಸುನಂದಾ: ತುಪ್ಪ... ನಾಳಿ ತಿನ್ರಿ.

ಚಂದ್ರಾಮ: ನಾಳಿ ಯಾಕ?

ಸುನಂದಾ: ಬೆಣ್ಣಿ ತಂದು ಕಾಸಬೇಕು.

ಚಂದ್ರಾಮ: ಕಾಸೂದೇನು? ನಿಮ್ಮ ಅವ್ವ ಇಂಗಳೇಶ್ವರದಿಂದ ಕಳಿಸಿದ ಡಬ್ಬಿ ಐತೆಲ್ಲ.

ಸುನಂದಾ: ಡಬ್ಬಿ ಐತಿ.

ಚಂದ್ರಾಮ: ತುಪ್ಪ?

ಸುನಂದಾ: ಡಬ್ಬಿ ಐತಿ ಅಂದ್ನೆಲ್ಲ.

ಚಂದ್ರಾಮ: ತುಂಬಿದ ಡಬ್ಬಿ! ನಾ ಅಂತೂ ಮುಟ್ಟಿಲ್ಲ. ಮನಿಯೊಳಗ ಇರಾವರು ಇಬ್ಬರ.

ಸುನಂದಾ ಸೆರಗಿನ ಅಂಚು ಸರಿಮಾಡಿಕೊಂಡಳು. ಸರಿಯಾಗಿಯೇ ಇದ್ದ ಅಂಚು ಅದು.

ಸುನಂದಾ: ನಿಮ್ಮ ತಾಟಿನಿಂದ ಎತ್ತು ಅಂತ ಎಲ್ಲಾರೂ ಹೇಳಿದ್ರಿ. ಎತ್ತಿದ್ದನ್ನ ಎಲ್ಲಿ ಇಡಬೇಕಂತ ಯಾರರ ಹೇಳಿದ್ರೇನು? ಅವ್ವ ಕೈಲೆ ಕಾಸಿದ್ದು, ಚಲ್ಲಾಕ ಬರತೈತೇನು? ಮಂದಿಗೆ ಕೊಡಾಕ ಮನಸ ಒಪ್ಪಲಿಲ್ಲ. ಡಬ್ಬಿ ಕಣ್ಣಿಗೆ ಬಿದ್ರ ನೀವು ಬಿಡಾವರಲ್ಲ. ದಿನಾ ನಿಮ್ಮ ಪಾಲಿಂದು ಎತ್ತಿ... ಒಳಗ ನಿಂತು...

ಅಲ್ಮಾಸ: ಹೋಳಿಗೀನೂ ಏನ್ರಿ ಕಾಕು?

ಸುನಂದಾ: ತುಪ್ಪ ಬರೇ ಬಾಯಿಲೆ ತಿಂತಾರೇನವಾ?

ಚಂದ್ರಾಮ: ಅದಕ್ಕ ಮುಂಜಾನಿಯಿಂದ ಕಾಲುಂಗುರ, ಕರೆಂಟು, ಅಮಾಸಿ!

ಸುನಂದಾ: ಕಾಲುಂಗುರದ ಮಾತು ಖರೇ ಐತಿ, ಅದರ ಸುದ್ದಿಗೆ ಬರಬ್ಯಾಡ್ರಿ! ನೋಡ್ರಿ, ಹತ್ತತೇನಿ. ಅಂಜಾಕಿ ಅಲ್ಲ ನಾ!

ಅವಳು ಸೀರೆಯ ನಿರಿಗೆ ಎತ್ತಿ, ಕಾಲುಂಗುರ ಸಮೇತ ದಡಕ್ಕನೆ ಮಷಿನ್ ಹತ್ತಿ ಹಿಡಿಕೆ ಹಿಡಿದಳು. ಅದು ಕೀಂಯ್ ಎಂದಿತು. ಅಲ್ಮಾಸ ಅಂಕಿ ನೋಡಿದಳು, ಕಾಕುವನ್ನು ನೋಡಿದಳು, ಸೀನು ಬಂದವಳಂತೆ ಓಢಣಿಯಲ್ಲಿ ಬಾಯಿ ಮುಚ್ಚಿಕೊಂಡಳು.

ಅಲ್ಮಾಸ: ಕಾಕಾ, ನೀವರ ಕರಗಿಸೀರಿ, ಅದ ದೊಡ್ಡ ಮಾತು.

ಚಂದ್ರಾಮ ಬಗ್ಗಿ ಅಂಕಿ ಓದಿದ. ಮೂವತ್ತೆಂಟು. ಆಮೇಲೆ ಮಷಿನ್ನಿನ ಮೇಲೆ ಗರಂ ಆಗಿ ನಿಂತ ಹೆಂಡತಿಯನ್ನು ಅಡಿಯಿಂದ ಮುಡಿಯವರೆಗೆ ಪ್ರೀತಿಯಿಂದ ನೋಡಿದ.

ಚಂದ್ರಾಮ: ಕರಗಿಲ್ಲವಾ ತಂಗಿ, ವರ್ಗಾ ಆಗೇತಿ. ಮನಿ ಅದ, ಮೈ ಬ್ಯಾರೆ!