ದೊಡ್ಡಮ್ಮನ ಪಿಂಚಣಿಗೆ ನನ್ನ ನಿಷ್ಪ್ರಯೋಜಕತೆ

ನಾನು ಯಾವ ಕೆಲಸಕ್ಕೂ ಬಾರದವನು ಅನ್ನೋದನ್ನ ಸರ್ಕಾರ ಸೀಲು ಹಾಕಿ ದೃಢೀಕರಿಸಿದೆ. ಇದಕ್ಕೆ ಮುಂಚೆ ಅದು ಬರೀ ಮನೆಯವರ ಅಭಿಪ್ರಾಯವಾಗಿತ್ತು.

ನನ್ನನ್ನ ಸಾಕಿದ ದೊಡ್ಡಮ್ಮ ನಲವತ್ತು ವರ್ಷ ಸ್ಕೂಲ್ ಯೂನಿಫಾರಂ ಹೊಲಿದವಳು. ಈಗ ಕಣ್ಣು ಮಂಜು. ಸೂಜಿಗೆ ದಾರ ಪೋಣಿಸಿಕೊಡೋನು ನಾನು. ಕಾಲೇಜು ಬಿಟ್ಟಮೇಲೆ ಬಿಡದೆ ಮಾಡಿದ್ದು ಅದೊಂದೇ. ಪಿಂಚಣಿ ಬಂದ್ರೆ ಮಿಷನ್ನಿಗೆ ಮುಸುಕು ಹಾಕಿ ಕೂರಬಹುದು ಅಂತ ಅವಳು ಅರ್ಜಿ ಹಾಕಿದಳು.

ಇಲಾಖೆಯ 'ನೆಮ್ಮದಿಯ ನಿವೃತ್ತಿ' ಪುಸ್ತಿಕೆ ಪ್ರಕಾರ ಮುಪ್ಪು ಅನ್ನೋದು ಮೂರು ಕಾಲಿನ ಸ್ಟೂಲು: ಉಳಿತಾಯ, ಮನೆಮಂದಿ, ಸರ್ಕಾರ. ಕೊನೇ ಪುಟದಲ್ಲಿ ಸಣ್ಣಕ್ಷರದ ನಿಯಮ: ಮೊದಲೆರಡರಲ್ಲಿ ಒಂದು ಕಾಲಿದ್ದರೂ ಮೂರನೆಯದನ್ನು ಒದಗಿಸತಕ್ಕದ್ದಲ್ಲ.

ದೊಡ್ಡಮ್ಮನ ಉಳಿತಾಯ ಅಂದ್ರೆ ಒಂದು ಡಬ್ಬಿ ಗುಂಡಿ. ಆ ಕಾಲಿಲ್ಲ ಅಂತ ಅವರೂ ಒಪ್ಪಿದ್ರು. ಆದ್ರೆ 'ವೃದ್ಧಾಪ್ಯದ ಆಸರೆ' ಅನ್ನೋ ಕಡೆ ಅವಳು ನನ್ನ ಹೆಸರು ಬರೆಸಿಬಿಟ್ಟಿದ್ದಳು. ಅರ್ಜಿ ವಾಪಸ್.

"ಯಾಕೆ ಬರೆಸ್ದೆ ದೊಡ್ಡಮ್ಮ?"

"ಖಾಲಿ ಬಿಟ್ರೆ ನಮ್ಮ ಮರ್ಯಾದೆ ಏನಾಗ್ಬೇಕೋ?"

ಗುಮಾಸ್ತರು ದಾರಿ ತೋರಿಸಿದ್ರು. "ಆಸರೆ ನಿಷ್ಪ್ರಯೋಜಕ ಅಂತ ಸಾಬೀತಾದ್ರೆ ಆ ಕಾಲು ತೆಗೀಬಹುದು. ನಮೂನೆ ಹದಿನಾಲ್ಕು ತುಂಬಿಸ್ಕೊಂಡು ಬನ್ನಿ."

ಪಕ್ಕದ ಮನೆ ಮೇಷ್ಟ್ರ ಕೈಲಿ ತುಂಬಿಸಿ ತಂದ್ವಿ. ಅಧಿಕಾರಿ ಹುಬ್ಬೇರಿಸಿದರು. "ಒಂದೂ ತಪ್ಪಿಲ್ಲ! ಇಷ್ಟು ಚುರುಕಾದೋನು ನಿಷ್ಪ್ರಯೋಜಕ ಹೇಗಾಗ್ತಾನಮ್ಮ?"

"ಅದು ಮೇಷ್ಟ್ರು ಬರೆದಿದ್ದು ಸಾರ್," ಅಂದೆ.

"ಹಾಗಾದ್ರೆ ನನ್ನೆದುರು ನೀನೇ ಬರಿ."

ಬರೆದೆ. ತಂದೆ ಹೆಸರಿನ ಜಾಗದಲ್ಲಿ ನನ್ನ ಹೆಸರು. ಅಧಿಕಾರಿಯ ಸಹಿ ಇರಬೇಕಾದಲ್ಲಿ ನನ್ನ ಸಹಿ. ನಾಟಕ ಅಂದ್ಕೋಬೇಡಿ, ನಾಲಿಗೆ ಕಚ್ಕೊಂಡು ಪೂರ್ತಿ ಗಮನ ಕೊಟ್ಟೇ ಬರೆದಿದ್ದೆ.

ಅಧಿಕಾರಿ ಎದ್ದು ನಿಂತು ಕೈ ಕುಲುಕಿದರು. "ನನ್ನ ಸರ್ವಿಸಲ್ಲೇ ಇಂಥದ್ದು ನೋಡಿಲ್ಲಪ್ಪ." ಪ್ರಮಾಣಪತ್ರದ ಮೇಲೆ 'ಪ್ರಥಮ ದರ್ಜೆ' ಅಂತ ಬರೆದು ಸೀಲು ಒತ್ತಿದರು. ನನಗೆ ಬಂದ ಮೊದಲ ಪ್ರಥಮ ದರ್ಜೆ. ದೊಡ್ಡಮ್ಮ ಚೌಕಟ್ಟು ಹಾಕಿಸಿ ಮಿಷನ್ನಿನ ಮೇಲೆ ನೇತುಹಾಕಿದಳು.

ಪಿಂಚಣಿ ಶುರುವಾಯ್ತು. ಷರತ್ತು ಒಂದೇ: ಫಲಾನುಭವಿ ಬದುಕಿರುವವರೆಗೆ ಸದರಿ ಆಸರೆಯು ಯಾವುದೇ ಉಪಯೋಗಕ್ಕೆ ಬರತಕ್ಕದ್ದಲ್ಲ. ತಪ್ಪಿದರೆ ಪಿಂಚಣಿ ರದ್ದು. ಪ್ರಿಂಟಿಂಗ್ ಪ್ರೆಸ್ಸಿನವರು ನನ್ನನ್ನ ಕೆಲಸಕ್ಕೆ ಕರೆದಾಗ ದೊಡ್ಡಮ್ಮ ಗದರಿದಳು: "ಇಷ್ಟು ವರ್ಷ ಕಾಪಾಡ್ಕೊಂಡು ಬಂದಿದ್ದನ್ನ ಈಗ ಹಾಳ್ಮಾಡ್ಕೋಬೇಡ!"

ಹೋದ ವಾರ ಅವಳ ಸ್ವೆಟರಿಗೆ ಗುಂಡಿ ಹಾಕಬೇಕಿತ್ತು. ಸೂಜಿಗೆ ದಾರ ಪೋಣಿಸ್ತಾ ಕೂತಿದ್ದೆ. ಬಾಗಿಲು ಬಡಿದ ಸದ್ದು. ವಾರ್ಷಿಕ ತಪಾಸಣೆ! ದೊಡ್ಡಮ್ಮ ಸೂಜಿ ಕಿತ್ಕೊಂಡು "ಮಲ್ಕೋ ಮಲ್ಕೋ!" ಅಂದಳು.

ಬೆಳಿಗ್ಗೆ ಹನ್ನೊಂದಕ್ಕೆ ಬಾಯಿ ಬಿಟ್ಕೊಂಡು ಬಿದ್ದಿದ್ದ ನನ್ನನ್ನ ನೋಡಿ ತಪಾಸಕರು 'ತೃಪ್ತಿಕರ' ಅಂತ ಬರೆದುಕೊಂಡರು. "ಏನಾದ್ರೂ ಸಹಾಯ ಮಾಡ್ತಾನಾ?"

"ಇವನಾ? ಈ ಕಡೆ ಕಡ್ಡಿ ಆ ಕಡೆ ಇಡಲ್ಲ ಸಾರ್!" ಅವಳ ದನಿಯಲ್ಲಿ ಅದೇ ಹಳೇ ಅಭಿಮಾನ.

ಅವರು ಹೋದಮೇಲೆ ಚಿಲಕ ಹಾಕಿ ಬಂದು ಸೂಜಿ ನನ್ನ ಕೈಗಿಟ್ಟಳು. "ಏಳಪ್ಪ. ನೀನೊಬ್ಬ ಇಲ್ದಿದ್ರೆ ನನಗ್ಯಾರು ಪಿಂಚಣಿ ಕೊಡ್ತಿದ್ರು?"