ನೀಲಿ ಕೋಟಿನೊಳಗಿನ ಮಗು

ಇಷ್ಟೆಲ್ಲಾ ರಾದ್ಧಾಂತಕ್ಕೆ ಕಾರಣ ಒಂದು ನೀಲಿ ರೇನ್‌ಕೋಟು. ಮಳೆಗಾಲ ಶುರುವಾದ ವಾರವೇ ಶಿಶುವಿಹಾರದವರು ಮೂವತ್ತೆರಡು ಮಕ್ಕಳಿಗೂ ಒಂದೇ ಬಣ್ಣದ, ಒಂದೇ ಅಳತೆಯ, ತಲೆಯಿಂದ ಮೊಣಕಾಲಿನ ತನಕ ಮುಚ್ಚುವ ಕೋಟು ಹೊಲಿಸಿಕೊಟ್ಟಿದ್ದರು. ಅದನ್ನು ತೊಟ್ಟು ಸಾಲಾಗಿ ನಿಂತರೆ ಮಕ್ಕಳು ಒಂದೇ ಅಚ್ಚಿನಿಂದ ತೆಗೆದ ಸೋಪಿನ ಬಿಲ್ಲೆಗಳ ಹಾಗೆ ಕಾಣುತ್ತಿದ್ದವು.

ಆ ಮಕ್ಕಳಲ್ಲಿ ಒಬ್ಬಳಾದ ಪುಟ್ಟಿಯ ಅಮ್ಮನ ಕಸುಬು ಕಣ್ಣು ಪರೀಕ್ಷೆ. ಹಳೆಯ ಊರಿನ ಆಸ್ಪತ್ರೆಯಲ್ಲಿ ಆರು ವರ್ಷ ಜನರನ್ನು ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಮೇಲಿನ ಅಕ್ಷರ ಓದಿಸಿ, ಯಾರ ಕಣ್ಣಿಗೆ ಎಷ್ಟು ಪವರು ಬೇಕೆಂದು ಬರೆದುಕೊಡುತ್ತಿದ್ದಳು. ಪುಟ್ಟಿ ಹುಟ್ಟಿದ ಮೇಲೆ ಮೂರು ವರ್ಷ ಮನೆಯಲ್ಲೇ ಉಳಿದಳು. ಈಗ ಗಂಡನ ವರ್ಗಾವಣೆಯಿಂದ ಈ ಊರಿಗೆ ಬಂದು ಮೂರು ವಾರವಾಗಿತ್ತು. ಅರ್ಜಿ ಹಾಕಿದ ಐದು ಕಡೆಯೂ "ಮೂರು ವರ್ಷ ಸುಮ್ಮನೆ ಇದ್ರಾ?" ಎಂದು ಕೇಳಿದ್ದರು, ಮಗು ಸಾಕುವುದೆಂದರೆ ಹೊದ್ದು ಮಲಗುವುದು ಎಂಬಂತೆ. ಆರನೆಯದಾಗಿ ಪೇಟೆಯ ದೊಡ್ಡ ಕಣ್ಣಿನ ಕ್ಲಿನಿಕ್ಕಿನಿಂದ ಡಾಕ್ಟರೇ ಫೋನು ಮಾಡಿ, ಮಧ್ಯಾಹ್ನ ಎರಡಕ್ಕೆ ಸಂದರ್ಶನಕ್ಕೆ ಬನ್ನಿ ಎಂದಿದ್ದರು.

ಹನ್ನೆರಡೂವರೆಗೆ ಪುಟ್ಟಿಯನ್ನು ಕರೆತಂದು, ಹಿಂದಿನ ದಿನವಷ್ಟೇ ಪರಿಚಯವಾದ ಎದುರುಮನೆ ಆಂಟಿಯ ಕೈಗೆ ಒಪ್ಪಿಸಿ ಹೊರಡುವುದೆಂದು ಲೆಕ್ಕ ಹಾಕಿದ್ದಳು. ಶಿಶುವಿಹಾರದ ಬಾಗಿಲಿಗೆ ಬರುವಷ್ಟರಲ್ಲಿ ಕನ್ನಡಕದ ತುಂಬಾ ಮಳೆಹನಿ. ಬೆಂಚಿನ ಮೇಲೆ ಎರಡು ನೀಲಿ ಕೋಟುಗಳು ಕುಲಾವಿಯನ್ನು ಮೂಗಿನ ತನಕ ಇಳಿಸಿಕೊಂಡು ನಿದ್ದೆ ಹೋಗಿದ್ದವು.

"ಯಾವುದು ನಿಮ್ಮದು?" ಎಂದಳು ಆಯಾ. ಅವಳೂ ಕೆಲಸಕ್ಕೆ ಸೇರಿ ಎರಡೇ ದಿನವಾಗಿತ್ತು.

"ಈ ಕಡೇದು" ಎಂದು ಎತ್ತಿ ಹೆಗಲಿಗೆ ಹಾಕಿಕೊಂಡು ಅವಳು ಓಡಿದಳು. ದಾರಿಯಲ್ಲಿ ಮಗು ಬೆಳಗ್ಗೆಗಿಂತ ಭಾರ ಅನ್ನಿಸಿತು. ಮೂರೇ ವಾರದಲ್ಲಿ ಈ ಊರಿನ ನೀರು ಮಗುವಿಗೆ ಒಗ್ಗಿಬಿಟ್ಟಿದೆ ಎಂದು ಖುಷಿಪಟ್ಟಳು.

ಎಚ್ಚರವಾದೀತೆಂದು ಕೋಟನ್ನೂ ಬಿಚ್ಚದೆ ಆಂಟಿಯ ಮಂಚದ ಮೇಲೆ ಮಗುವನ್ನು ಮಲಗಿಸಿ, ತನ್ನ ಮನೆಗೆ ಹೋಗಿ ಇಸ್ತ್ರಿಯಾದ ಬಟ್ಟೆ ತೊಟ್ಟು, ಸರ್ಟಿಫಿಕೇಟುಗಳ ಕಡತ ಹಿಡಿದು, ಒಂದು ಕಾಲಿಗೆ ಚಪ್ಪಲಿ ಹಾಕಿದ್ದಳು. ಆಗ ಎದುರುಮನೆಯಿಂದ ಕಿರುಚಾಟ ಕೇಳಿಸಿತು.

"ಏನಮ್ಮಾ, ನಿಂದು ಹೆಣ್ಣು ಮಗು ಅಂದಿದ್ಯಲ್ಲಾ?"

"ಹೌದು ಆಂಟಿ, ಯಾಕೆ?"

"ಎದ್ದು ಸುಸ್ಸು ಅಂತು. ಬಚ್ಚಲಿಗೆ ಕರ್ಕೊಂಡು ಹೋದೆ. ನಿಂತ್ಕೊಂಡೇ ಮಾಡ್ತಾ ಇದೆ!"

ಅವಳು ಒಂದೇ ಚಪ್ಪಲಿಯಲ್ಲಿ ಓಡಿಹೋಗಿ ನೋಡಿದರೆ, ಗುಂಗುರು ಕೂದಲಿನ ಗುಂಡುಗುಂಡನೆಯ ಹುಡುಗನೊಬ್ಬ ಚಡ್ಡಿ ಏರಿಸಿಕೊಳ್ಳುತ್ತಾ "ನೀನ್ಯಾರು?" ಎಂದ.

ಆರು ವರ್ಷ ಊರವರ ಕಣ್ಣು ಪರೀಕ್ಷಿಸಿದವಳು ಹೆತ್ತ ಮಗಳನ್ನು ಗುರುತಿಸದೆ ಯಾರದೋ ಮಗನನ್ನು ಹೊತ್ತು ತಂದಿದ್ದಳು! "ನನ್ನ ಪುಟ್ಟಿ! ನನ್ನ ಪುಟ್ಟಿ ಎಲ್ಲಿ?" ಎಂದು ಅವಳು ಗೋಡೆಗೆ ಒರಗಿದಳು.

ಆಂಟಿಯ ದನಿಗೆ ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಕೊಡೆ ಹಿಡಿದೇ ಇಳಿದು ಬಂದರು. ಎಲ್ಲವನ್ನೂ ಕೇಳಿ, ತಲೆ ಆಡಿಸಿ, ತೀರ್ಪು ಕೊಟ್ಟರು.

"ನೋಡಮ್ಮ, ಮಗು ಕಳ್ಕೊಂಡೋಳೂ ನೀನೇ, ಮಗು ಕದ್ದೋಳೂ ನೀನೇ. ಸ್ಟೇಷನ್ನಿಗೆ ಹೋದ್ರೆ ದೂರು ಬರ್ಕೊಂಡು ಅಲ್ಲೇ ನಿನ್ನನ್ನ ಒಳಗೆ ಹಾಕ್ತಾರೆ."

"ಮೇಷ್ಟ್ರೇ, ಅವಳ ಜೀವ ಬಾಯಿಗೆ ಬಂದಿದೆ, ನಿಮ್ಮ ಪಾಠ ಆಮೇಲೆ!" ಎಂದು ಆಂಟಿ ಗದರಿದರು.

ಮೂವರೂ ಹುಡುಗನನ್ನು ಎತ್ತಿಕೊಂಡು ಆಟೋ ಹತ್ತಿದರು. ಅವನು ದಾರಿಯುದ್ದಕ್ಕೂ "ಅಮ್ಮ ಬೇಕು" ಎಂದು ಊಳಿಟ್ಟ.

"ಅಳಬೇಡ ಮರಿ, ಅಮ್ಮ ಪಕ್ಕದಲ್ಲೇ ಇದ್ದಾರಲ್ಲ" ಎಂದ ಡ್ರೈವರು.

"ಇವಳು ನಮ್ಮಮ್ಮ ಅಲ್ಲ!"

ಆಟೋ ಗಕ್ಕನೆ ನಿಂತಿತು. ಮೇಷ್ಟ್ರು ಪೀಠಿಕೆಯಿಂದ ಶುರುಮಾಡಿ ವಿವರಿಸುವಷ್ಟರಲ್ಲಿ ಏಳೆಂಟು ಜನ ಸುತ್ತ ಸೇರಿದ್ದರು. ಕೊನೆಗೆ ಆಂಟಿಯ ಒಂದೇ ಗದರಿಕೆಗೆ ಗುಂಪು ಚದುರಿ ಆಟೋ ಹೊರಟಿತು.

ಶಿಶುವಿಹಾರದ ಬೆಂಚು ಖಾಲಿ. ಹುಡುಗನನ್ನು ಕಂಡ ಟೀಚರ ಮುಖ ಸುಣ್ಣದ ಗೋಡೆಯಾಯಿತು.

"ಇವನನ್ನ ಇವನ ತಾತ ಆಗಲೇ ಕರ್ಕೊಂಡು ಹೋದ್ರಲ್ಲಾ!" ಎಂದವರೇ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರು ಹಾಕಿದರು.

"ಏನ್ರೀ ತಮಾಷೆ?" ಎಂದು ಆ ಕಡೆಯ ದನಿ ಗುಡುಗಿತು. "ನನ್ನ ಮೊಮ್ಮಗ ಒಳಗಿನ ರೂಮಲ್ಲಿ ಮಲಗಿದಾನೆ. ನಾನೇ ಕೋಟಿನ ಸಮೇತ ಎತ್ಕೊಂಡು ಬಂದು ಮಲಗಿಸಿದೀನಿ. ನನ್ನ ಮೊಮ್ಮಗ ನನಗೆ ಗೊತ್ತಾಗಲ್ವಾ?"

"ಒಂದು ಸಲ ನೋಡಿಬಿಡಿ ಸರ್."

ಬಾಗಿಲು ಕಿರುಗುಟ್ಟಿತು. ಕುರ್ಚಿ ಬಿದ್ದ ಸದ್ದು. ಆಮೇಲೆ ಗುಡುಗಿದ ದನಿಯೇ ಇಲಿಯಂತೆ ಕೀಚಲಾಯಿತು. "ಅಯ್ಯಯ್ಯೋ! ಇದಕ್ಕೆ ಎರಡು ಜಡೆ ಇದೆ!"

ಅವಳಿಗೆ ಹೋದ ಜೀವ ಬಂತು. ಟೀಚರು ಬರೆದುಕೊಟ್ಟ ವಿಳಾಸ ನೋಡಿದಾಗ ಬಂದ ಜೀವ ಅರ್ಧ ಹೋಯಿತು. ಅದು ಅವಳು ಎರಡು ಗಂಟೆಗೆ ಹೋಗಬೇಕಾಗಿದ್ದ ಕಣ್ಣಿನ ಕ್ಲಿನಿಕ್ಕು!

ಸರಿಯಾಗಿ ಎರಡಕ್ಕೆ, ಒಂದು ಕೈಯಲ್ಲಿ ಕಡತ, ಇನ್ನೊಂದರಲ್ಲಿ ಡಾಕ್ಟರ ಮೊಮ್ಮಗನನ್ನು ಹಿಡಿದು ಅವಳು ಸಂದರ್ಶನಕ್ಕೆ ಹಾಜರಾದಳು. ಪುಟ್ಟಿ ಡಾಕ್ಟರ ಕುರ್ಚಿಯಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ಅವಳನ್ನು ಬಾಚಿ ಅಪ್ಪಿಕೊಂಡು, ಜಡೆ, ಕಿವಿ, ಮೂಗು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು.

ಡಾಕ್ಟರು ಆಂಟಿಯನ್ನೂ ಮೇಷ್ಟ್ರನ್ನೂ ಹೊರಗೆ ಕೂರಿಸಿ ಬಾಗಿಲು ಹಾಕಿದರು.

"ಅಮ್ಮಾ, ನನ್ನ ಮಾನ ನಿಮ್ಮ ಕೈಲಿದೆ. ಇವತ್ತು ಮೊದಲ ಸಲ ಸೊಸೆ ನನ್ನ ನಂಬಿ ಮಗು ಕರ್ಕೊಂಡು ಬರೋಕೆ ಹೇಳಿದ್ಲು. ಟೀಚರು ಅವಳಿಗೂ ಫೋನು ಮಾಡಿಬಿಟ್ಟಿದಾರೆ, ಬರ್ತಾ ಇದಾಳೆ. ತಪ್ಪೆಲ್ಲಾ ನಿಮ್ಮದೇ ಅಂತ ಒಪ್ಪಿಕೊಂಡುಬಿಡಿ. ನಾಳೆಯಿಂದಲೇ ಕೆಲಸಕ್ಕೆ ಬನ್ನಿ."

"ನಾಳೆಯಿಂದಲೇ?"

"ಬೆಳಗ್ಗೆ ಒಂಬತ್ತಕ್ಕೆ."

ಮೂರು ವರ್ಷದ ಮೇಲೆ ಕೇಳಿದ ಮಾತು. ಅವಳ ಕಣ್ಣು ತುಂಬಿಬಂತು. ಅಷ್ಟರಲ್ಲಿ ಸೊಸೆ ಬಿರುಗಾಳಿಯಂತೆ ನುಗ್ಗಿ ಮಗನನ್ನು ಕಿತ್ತುಕೊಂಡಳು. "ಯಾರು ಮಾಡಿದ್ದು ಈ ಕೆಲಸ?"

"ನಾನೇ ಮೇಡಂ. ಪೂರಾ ನನ್ನ ತಪ್ಪು." ಒಪ್ಪಿಕೊಂಡ ಮೇಲೆ ಅರೆಬರೆ ಯಾಕೆಂದು ಅವಳು ಚೆನ್ನಾಗಿಯೇ ಒಪ್ಪಿಕೊಂಡಳು. "ಎತ್ತಿಕೊಂಡೆ, ಗೊತ್ತಾಗಲಿಲ್ಲ. ಮನೆ ತನಕ ಹೋದೆ, ಗೊತ್ತಾಗಲಿಲ್ಲ. ಮಲಗಿಸಿದೆ, ಆಗಲೂ ಗೊತ್ತಾಗಲಿಲ್ಲ. ನಿಮ್ಮ ಮಾವ ನೋಡಿದ ತಕ್ಷಣ ಕಂಡುಹಿಡಿದ್ರು."

ಡಾಕ್ಟರು ಹಿಂದಿನಿಂದ ಭೇಷ್ ಎಂಬಂತೆ ತಲೆದೂಗಿದರು.

ಸೊಸೆಯ ಕಣ್ಣು ಅವಳ ಕೈಯಲ್ಲಿದ್ದ ಕಡತದ ಮೇಲೆ ನಿಂತಿತು. "ಕಣ್ಣು ಪರೀಕ್ಷೆ ಕೆಲಸಕ್ಕೆ ಬರಬೇಕಾಗಿದ್ದೋರು ನೀವೇನಾ?"

"ಹೌದು ಮೇಡಂ. ಸರ್ ಆಗಲೇ..."

"ಸರ್ ಬರೀ ಫೋನು ಮಾಡ್ತಾರೆ. ಕ್ಲಿನಿಕ್ಕಿಗೆ ಜನ ತಗೊಳ್ಳೋದು ನಾನು." ಸೊಸೆ ಮಾವನ ಕಡೆ ತಿರುಗಿದಳು. "ಹೆಗಲ ಮೇಲಿರೋ ಮಗು ಗಂಡೋ ಹೆಣ್ಣೋ ಕಾಣದೋರನ್ನ ಕಣ್ಣು ಪರೀಕ್ಷೆಗೆ ಇಟ್ಕೊಳ್ಳೋದಾ, ಮಾವ?"

ಕಡತ ಹಿಡಿದು ನಿಂತಿದ್ದ ಪುಟ್ಟಿಯ ಅಮ್ಮ ಡಾಕ್ಟರ ಮುಖವನ್ನೇ ದಿಟ್ಟಿಸಿದಳು. ಡಾಕ್ಟರು ಕನ್ನಡಕ ತೆಗೆದು, ನಿಧಾನವಾಗಿ ಒರೆಸಿ, ಮತ್ತೆ ಏರಿಸಿಕೊಂಡರು.

"ಛೇ ಛೇ, ಎಲ್ಲಾದ್ರೂ ಸಾಧ್ಯಾನಾ? ಅದನ್ನೇ ಆಗಿನಿಂದ ನಾನೂ ಇವರಿಗೆ ಬಿಡಿಸಿ ಹೇಳ್ತಾ ಇದೀನಿ ಕಣಮ್ಮಾ."